ಅರ್ಥ ಗೊತ್ತಿಲ್ಲದ ಹಮೀದಾ ಆಪಾ

ಹಮೀದಾ ಆಪಾ ಒಳಗೆ ಅಡುಗೆಮನೆಯಲ್ಲಿ ಸಿಗಡಿ ಸುಲಿಯುತ್ತ ಕುಳಿತು, ಹೊರಜಗಲಿಯಲ್ಲಿ ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದ ಹನ್ನೊಂದು ಮಕ್ಕಳಲ್ಲಿ ಯಾರು ಯಾವ ಅಕ್ಷರ ತಪ್ಪಿದರೆಂದು ಹೆಸರು ಹಿಡಿದು ಹೇಳುತ್ತಿದ್ದರು. ಹನ್ನೊಂದು ಎಂದು ಬರೆದೆ, ಒಂಬತ್ತು ಇದ್ದಿರಲೂಬಹುದು. ಸಿಗಡಿ ಎಂಬುದೂ ನಾನೇ ಸೇರಿಸಿಕೊಂಡದ್ದಿರಬೇಕು. ದೋಣಿಗಳು ದಡದಲ್ಲಿರುವ ಆ ಮಳೆಗಾಲದಲ್ಲಿ ಅವರಿಗೆ ದಿನವೂ ಸಿಗಡಿ ಎಲ್ಲಿಂದ ಬರಬೇಕು? ಎಂದೋ ಒಮ್ಮೆ ಕಂಡದ್ದನ್ನು ನನ್ನ ಮನಸ್ಸು ಎರಡು ತಿಂಗಳಿಗೂ ಹಚ್ಚಿಬಿಟ್ಟಿದೆ. ನಾನು ಹೈಸ್ಕೂಲಿನಿಂದಲೇ ಡೈರಿ ಬರೆಯುವವಳು. ಆದರೆ ಆ ದಿನಗಳ ಪುಟ ತೆಗೆದರೆ ಸಿಗುವುದು ‘ಮಳೆ. ಪ್ರಣತಿಗೆ ಶೀತ. ಕೋಡಿಗೆ ಹೋಗಿ ಬಂದೆವು’ ಎಂಬಂಥ ಸಾಲುಗಳು ಮಾತ್ರ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಆ ದನಿ ಮಾತ್ರ ತಪ್ಪಲಾರದು. ಮಳೆಯ ಸದ್ದು, ಮಕ್ಕಳ ಸದ್ದು, ಎರಡನ್ನೂ ದಾಟಿ ಒಳಗಿನಿಂದ ಬರುತ್ತಿತ್ತು: “ಶಿಫಾ, ಅದ್ ಸೀನ್ ಅಲ್ಲ, ಸ್ವಾದ್. ಬಾಯಿ ತುಂಬ್ಸಿ ಹೇಳ್.”

ನನ್ನಂಥವಳಿಗೆ ಸೀನ್ ಮತ್ತು ಸ್ವಾದ್ ಎರಡೂ ಬರಿಯ ‘ಸ’. ಎರಡು ಕೋಣೆ, ಒಂದು ನಡುಗೋಡೆ, ಹೆಂಚಿನ ಮೇಲೆ ಬೀಳುವ ಮಳೆ, ಹತ್ತು ಮಕ್ಕಳ ಗದ್ದಲ ಎಲ್ಲವನ್ನೂ ದಾಟಿ ಒಂದು ಹುಡುಗಿಯ ಒಂದು ‘ಸ’ದ ತೂಕ ಅವರಿಗೆ ಕೇಳುತ್ತಿತ್ತು. ನಾನು ಮಂಗಳೂರಿನಲ್ಲಿ ಎಂ.ಎ. ಮಾಡಿದವಳು, ಒಳ್ಳೆಯ ಮೇಷ್ಟರುಗಳ ಪಾಠ ಕೇಳಿದವಳು. ಇಂಥ ಕಿವಿಯನ್ನು ಬೇರೆಲ್ಲೂ ಕಂಡಿಲ್ಲ.

ನಾವು ಅವರ ಮನೆಗೆ ಹೋದದ್ದು ಒಂದು ತಪ್ಪು ತಿಳಿವಳಿಕೆಯಿಂದ.

ಅಣ್ಣ ಶಾರ್ಜಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅತ್ತಿಗೆ ಅಲ್ಲಿಯೇ ನರ್ಸ್. ಅವರ ಮಗಳು ಪ್ರಣತಿಗೆ ಆಗ ಎಂಟು ವರ್ಷ. ಅಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳೂ ಅರಬಿ ಕಲಿಯಲೇಬೇಕು. ಎರಡನೇ ತರಗತಿ ಮುಗಿಯುವಾಗ ಪ್ರಣತಿ ಉಳಿದ ಎಲ್ಲದರಲ್ಲೂ ಚೆನ್ನಾಗಿಯೇ ಇದ್ದು ಅರಬಿಯಲ್ಲಿ ಮಾತ್ರ ಫೇಲಾದಳು. ರಜೆ ಮುಗಿದ ಮೊದಲ ವಾರದಲ್ಲಿ ಮರುಪರೀಕ್ಷೆ, ಅದೂ ಆಗದಿದ್ದರೆ ಮತ್ತೆ ಎರಡನೇ ತರಗತಿ ಎಂದರು ಶಾಲೆಯವರು. ಆ ರಜೆಗೆ ಅವಳನ್ನು ನಮ್ಮಲ್ಲಿಗೆ, ಬೀಜಾಡಿಗೆ, ಕಳಿಸಿದರು. ಅವಳು ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅಣ್ಣ ಫೋನಿನಲ್ಲಿ ಅಮ್ಮನ ಹತ್ತಿರ, ಹೆಣ್ಣು ಅಷ್ಟು ಕಷ್ಟಪಡುವುದು ಬೇಡ, ಪರೀಕ್ಷೆ ಆಗದಿದ್ದರೆ ಊರಿನ ಶಾಲೆಗೇ ಸೇರಿಸಿ ನಿಮ್ಮ ಜೊತೆ ಇರಲಿ, ನಾವು ವರ್ಷಕ್ಕೊಮ್ಮೆ ಬರುತ್ತೇವಲ್ಲ ಎಂದ. ಸ್ಪೀಕರ್ ಹಾಕಿದ ಫೋನು. ಪ್ರಣತಿ ಪಕ್ಕದ ಕೋಣೆಯಲ್ಲಿದ್ದಳು.

ಅಂದಿನಿಂದ ಅವಳು ತನ್ನ ಬಟ್ಟೆಗಳನ್ನು ಕಪಾಟಿನಲ್ಲಿಡಲು ಬಿಡಲಿಲ್ಲ. ಅಮ್ಮ ಒಗೆದು, ಮಡಚಿ, ಕಪಾಟಿಗೆ ಹಾಕಿದರೆ ತೆಗೆದು ಮತ್ತೆ ಸೂಟ್‌ಕೇಸಿನೊಳಗೆ ಇಡುತ್ತಿದ್ದಳು. ಮಳೆಗಾಲದ ಅರೆಒಣಗಿದ ಬಟ್ಟೆ ಪೆಟ್ಟಿಗೆಯೊಳಗೆ ವಾಸನೆ ಬಂತು. ಆದರೂ ಬಿಡಲಿಲ್ಲ. ಅಳಲೂ ಇಲ್ಲ. ನನಗೆ ಹೆದರಿಕೆ ಆದದ್ದು ಅದಕ್ಕೇ.

ಅಪ್ಪಯ್ಯ ಮುಂಬೈಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಬಂದವರು. ಯಾವ ಕೆಲಸಕ್ಕೂ ಆ ಕೆಲಸದ ಜನ ಇದ್ದೇ ಇರುತ್ತಾರೆ ಎಂಬುದು ಅವರ ನಂಬಿಕೆ. ಸಂತೆಯಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ ವಿಚಾರಿಸಿದರು. ಎಲ್ಲರೂ ಒಂದೇ ಹೆಸರು ಹೇಳಿದರಂತೆ: ಕೋಡಿಯ ಹಮೀದಾ ಆಪಾ, ಅವರ ಹತ್ತಿರ ಓದಿದ ಮಕ್ಕಳು ತಪ್ಪುವುದಿಲ್ಲ. ಆಪಾ ಎಂದರೆ ಅಕ್ಕ, ಅಲ್ಲಿಯ ಮಕ್ಕಳಿಗೆ ಟೀಚರೂ ಹೌದು. ಕೋಟೇಶ್ವರದ ನಮ್ಮ ನೆಂಟರೊಬ್ಬರು, ಹೆಣ್ಣುಮಗುವನ್ನು ಅಲ್ಲಿಗೆ ಯಾಕೆ ಕಳಿಸುವುದು ಎಂದು ರಾಗ ತೆಗೆದರು. ಅಪ್ಪಯ್ಯ, “ಶಾರ್ಜಾದಲ್ ಕಲ್ತ್ರೆ ಆತ್ತ್, ಕೋಡಿಯಲ್ ಕಲ್ತ್ರೆ ಆತ್ತಿಲ್ಯಾ?” ಎಂದು ಕೇಳಿ ಮಾತು ಮುಗಿಸಿದರು. ನನಗೆ ಆಗ ಕೆಲಸ ಸಿಕ್ಕಿರಲಿಲ್ಲ. ಸ್ಕೂಟರಿನಲ್ಲಿ ಪ್ರಣತಿಯನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ಆಪಾ ಎತ್ತರದ, ಬಡಕಲು ಮೈಯ ಹೆಂಗಸು. ಅರವತ್ತು ದಾಟಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಹೇಳಬೇಕಾದ ಅಕ್ಷರವೊಂದು ಅರಬಿಯಲ್ಲಿದೆ. ಅದು ಬಂದಾಗ ತಾವು ಹೇಳದೆ, ಹಿರಿಯ ಹುಡುಗಿ ಶಿಫಾಳ ಕಡೆ ಬೆರಳು ತೋರಿಸುತ್ತಿದ್ದರು. “ನಂದ್ ಹಲ್ಲ್ ಹೋಯ್ತ್. ಅಕ್ಷರ ಹೋಯ್ಲಿಲ್ಲೆ, ಅದ್ ಶಿಫಾನ್ ಬಾಯಲ್ ಇತ್ತ್. ಅವ್ಳತ್ರ ಈಸ್ಕೋ” ಎನ್ನುತ್ತಿದ್ದರು. ಹತ್ತು ವರ್ಷದ ಶಿಫಾ ಆಗ ಕತ್ತು ನೆಟ್ಟಗೆ ಮಾಡಿ, ಖಜಾನೆಯ ಕಾವಲಿನವಳ ಹಾಗೆ, ಆ ಅಕ್ಷರವನ್ನು ಎಲ್ಲರಿಗೂ ಕೊಡುವಳು.

ಮೊದಲ ದಿನ ನಾನು ಪ್ರಣತಿಯ ಶಾಲೆಯ ಪುಸ್ತಕ ಅವರ ಮುಂದಿಟ್ಟೆ. ಬಣ್ಣಬಣ್ಣದ ಚಿತ್ರಗಳಿರುವ ದೊಡ್ಡ ಪುಸ್ತಕ. ಇಟ್ಟದ್ದು ನೆಲದ ಮೇಲೆ. ಅವರು ತಟ್ಟನೆ ಎತ್ತಿ, ಧೂಳಿಲ್ಲದಿದ್ದರೂ ದುಪಟ್ಟಾದಿಂದ ಒರೆಸಿ, ಮಡಚುವ ಮರದ ಪೀಠದ ಮೇಲಿಟ್ಟರು. ಆಮೇಲೆ ತೆರೆದು ಒಂದು ಪುಟ ಓದಿದರು. ಅಂಗಡಿಗೆ ಹೋದ ಯಾವನೋ ಹುಡುಗನ ಪಾಠವದು ಎಂದು ನನಗೆ ಚಿತ್ರ ನೋಡಿ ಗೊತ್ತು. ಅವರ ಬಾಯಲ್ಲಿ ಅದು ಅಂಗಡಿಯ ಪಾಠದಂತೆ ಕೇಳಲಿಲ್ಲ. ಒಂದೊಂದು ಅಕ್ಷರವೂ ತನ್ನ ಜಾಗದಿಂದ ಎದ್ದು, ತನ್ನಷ್ಟೇ ಹೊತ್ತು ನಿಂತು, ಮುಂದಿನದಕ್ಕೆ ದಾರಿ ಬಿಟ್ಟು ಹೋಯಿತು. ಉಳಿದ ಮಕ್ಕಳು ಓದು ನಿಲ್ಲಿಸಿದರು. ನಾನು ಗೆದ್ದೆವು ಎಂದುಕೊಂಡೆ.

ಆಗ ಪ್ರಣತಿ, ಆ ಸಾಲಿನ ಅರ್ಥವೇನು ಎಂದು ಕೇಳಿದಳು.

ಆಪಾ ಪುಸ್ತಕದಿಂದ ತಲೆ ಎತ್ತಿದರು. ನಾಚಿಕೆಯಾಗಲಿ, ಗಡಿಬಿಡಿಯಾಗಲಿ ಮುಖದಲ್ಲಿ ಇರಲಿಲ್ಲ. “ಅದ್ ನಂಗೊತ್ತಿಲ್ಲೆ ಮಗಾ,” ಎಂದರು. “ನಂಗೆ ಓದುಕ್ ಬತ್ತ್. ಅರ್ಥ ಬತ್ತಿಲ್ಲೆ.”

ನಾನು ಬೆಪ್ಪಾದೆ. ಆಗ ತಿಳಿಯಿತು ನಮ್ಮ ತಪ್ಪು. ಆಪಾ ಕಲಿಸುತ್ತಿದ್ದುದು ಕುರಾನ್ ಓದುವುದನ್ನು. ಅಕ್ಷರ, ಅದರ ಉಚ್ಚಾರ, ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು, ಅಷ್ಟು. ಅವರ ಅಜ್ಜಿ ಅವರಿಗೆ ಹಾಗೆ ಕಲಿಸಿದ್ದರು, ಅಜ್ಜಿಗೆ ಅವರ ಅಮ್ಮ. ಯಾರಿಗೂ ಅರ್ಥ ಗೊತ್ತಿರಲಿಲ್ಲ. ಅರ್ಥವನ್ನು ಮಸೀದಿಯಲ್ಲಿ ಉರ್ದುವಿನಲ್ಲಿ ಹೇಳುವವರು ಬೇರೆ ಇದ್ದರು. ನಾವು ಬೀಜಾಡಿಯವರು, ರಿಕ್ಷಾ ಸ್ಟ್ಯಾಂಡಿನವರು, ಎಲ್ಲರೂ ಅರಬಿ ಎಂದರೆ ಅರಬಿ ಎಂದುಕೊಂಡು, ವ್ಯಾಕರಣ ಮತ್ತು ಪ್ರಶ್ನೋತ್ತರ ಬೇಕಾದ ಮಗುವನ್ನು ಇಲ್ಲಿಗೆ ತಂದಿದ್ದೆವು. ನಾನು ಕ್ಷಮೆ ಕೇಳಿ ಏಳುವುದರಲ್ಲಿದ್ದೆ.

ಆಪಾ ನನ್ನನ್ನು ಬಿಟ್ಟು ಪ್ರಣತಿಯ ಜೊತೆಯೇ ಮಾತಾಡಿದರು. ನಿಂಗೆ ಎಂತ ಬತ್ತ್ ಎಂದು ಕೇಳಿದರು. ಪ್ರಣತಿ ನಮಗ್ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದಳು. ಅವಳಿಗೆ ಓದಲು ಬರುವುದೇ ಇಲ್ಲ. ಅಕ್ಷರಗಳು ಒಂದಕ್ಕೊಂದು ಅಂಟಿದ ಕೂಡಲೇ ಅವಳಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಶಾರ್ಜಾದಲ್ಲಿ ತಮ್ಮ ಕಟ್ಟಡದ ಅರಬ್ ಮಕ್ಕಳ ಜೊತೆ ಆಡಿ ಮಾತು ಗೊತ್ತು, ನೀರು ಅನ್ನಲು, ಬಾಗಿಲು ಅನ್ನಲು, ನನ್ನ ಚೆಂಡು ಕೊಡು ಅನ್ನಲು ಗೊತ್ತು. ಎರಡು ವರ್ಷ ಪುಸ್ತಕದ ಚಿತ್ರ ನೋಡಿ ಪಾಠ ಒಪ್ಪಿಸಿದ್ದಳು. ಪರೀಕ್ಷೆಯ ಕಾಗದದಲ್ಲಿ ಚಿತ್ರ ಇರಲಿಲ್ಲ.

ಆಪಾ ನಕ್ಕರು. “ಹಾಂಗಾರೆ ಸಮ ಆಯ್ತಲೆ. ನಂಗೆ ಓದುಕ್ ಬತ್ತ್, ನಿಂಗೆ ಅರ್ಥ ಬತ್ತ್. ನಾನ್ ನಿಂಗೆ ಓದುಕ್ ಕಲ್ಸ್ತೆ. ನೀನ್ ನಂಗೆ ಅರ್ಥ ಕಲ್ಸ್.”

ಅದು ಮಗುವನ್ನು ಸಮಾಧಾನ ಮಾಡುವ ಮಾತಲ್ಲ, ಒಪ್ಪಂದ. ಆ ಎರಡು ತಿಂಗಳು ಅವರು ಅದಕ್ಕೆ ನಿಂತರು. ದಿನವೂ ಮೊದಲ ಮುಕ್ಕಾಲು ಗಂಟೆ ಪ್ರಣತಿ ಕೆಳಗೆ, ಆಪಾ ಪೀಠದ ಹಿಂದೆ. ಆಮೇಲೆ ಜಾಗ ಬದಲು. ಆಪಾ ಮಂಡಿ ಮಡಚಿ ಮಕ್ಕಳ ಸಾಲಿನಲ್ಲಿ ಕುಳಿತು, ಎಂಟು ವರ್ಷದ ಹುಡುಗಿ ಹೇಳಿದ್ದನ್ನು ಎಲ್ಲ ಮಕ್ಕಳೆದುರು ಮತ್ತೆ ಮತ್ತೆ ಹೇಳಿ ಒಪ್ಪಿಸುತ್ತಿದ್ದರು. ತಪ್ಪಿದರೆ ಪ್ರಣತಿ ಬಿಡುತ್ತಿರಲಿಲ್ಲ. ನನಗೆ ಅಲ್ಲಿ ಕೂರಲು ಮುಜುಗರವಾಗುತ್ತಿತ್ತು. ನಲವತ್ತೋ ಐವತ್ತೋ ವರ್ಷ ಕಲಿಸಿದವರು ತಮಗೆ ಗೊತ್ತಿಲ್ಲ ಎಂಬುದನ್ನು ದಿನವೂ ತಮ್ಮದೇ ಶಿಷ್ಯರ ಮುಂದೆ ಹೀಗೆ ತೋರಿಸುವುದನ್ನು ನಾನು ವಿಶ್ವವಿದ್ಯಾಲಯದ ಯಾವ ವಿಭಾಗದಲ್ಲೂ ಕಂಡಿರಲಿಲ್ಲ. ಸೆಮಿನಾರಿನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದಾಗ ನಾನೇ ಎಷ್ಟು ಸಲ ಚಹಾ ವಿರಾಮದ ಕಡೆ ಮಾತು ತಿರುಗಿಸಿದ್ದೇನೆ.

ಅದರಿಂದ ಅವರಿಗೆ ನಷ್ಟವೂ ಆಯಿತು. ಅರ್ಥ ಗೊತ್ತಿಲ್ಲದವರು ಏನು ಕಲಿಸುತ್ತಾರೆ ಎಂದು ಒಬ್ಬ ತಂದೆ ಬಂದು ತನ್ನ ಇಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋದ. ಆಪಾ ಆ ಮಕ್ಕಳ ಚೀಲಕ್ಕೆ ಅವರ ಪುಸ್ತಕಗಳನ್ನು ತಾವೇ ಹಾಕಿಕೊಟ್ಟರು. ನಾನು ಏನೋ ಹೇಳಲು ಹೋದಾಗ, ಆ ತಂದೆಗೂ ತಾನೇ ಓದಿಸಿದ್ದು, ಅವನಿಗೆ ‘ಖಾಫ್’ ಅಕ್ಷರ ಬರಲು ಒಂದು ವರ್ಷ ಹಿಡಿದಿತ್ತು ಎಂದಷ್ಟೇ ಹೇಳಿದರು.

ಓದಿಸುವ ಅವರ ದಾರಿ ಅವರದೇ. ಗಂಟಲಿನಿಂದ ಬರುವ ‘ಹ’ ಪ್ರಣತಿಗೆ ಬರುತ್ತಿರಲಿಲ್ಲ. “ಬಿಸಿ ಗಂಜಿ ಬಾಯಿಗ್ ಹಾಯ್ಕಂಡ್ರೆ ಎಂತ ಮಾಡ್ತೆ?” ಎಂದು ಕೇಳಿದರು. ಪ್ರಣತಿ ಬಾಯಿ ತೆರೆದು ಉಸಿರು ಬಿಟ್ಟು ತೋರಿಸಿದಳು. “ಅದೇ. ಗಂಜಿ ಬ್ಯಾಡ, ಉಸ್ರ್ ಸಾಕ್.” ಅಕ್ಷರ ಬಂದುಬಿಟ್ಟಿತು.

ಅಕ್ಷರಗಳು ಅಂಟುವ ಕಷ್ಟವನ್ನು ಬಿಡಿಸಿದ್ದು ಮಾತ್ರ ನನಗೆ ಈಗಲೂ ಬೆರಗು. ಅರಬಿಯ ಅಕ್ಷರ ಒಂಟಿಯಾಗಿದ್ದಾಗ ಒಂದು ರೂಪ, ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ರೂಪ. ಶಾಲೆಯಲ್ಲಿ ಪಟ್ಟಿ ಮಾಡಿ ಉರುಹೊಡೆಸಿದ್ದರು, ಹತ್ತಿರಲಿಲ್ಲ. ಆಪಾ ಜಗಲಿಯಲ್ಲಿ ನಾಲ್ಕು ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿದರು. ತಾವು ಎದುರು ಒಬ್ಬರೇ ಕಾಲು ಚಾಚಿ ಕುಳಿತರು. “ಕಾಣ್ ಮಗಾ. ವಂಡ್ಸೆ ಬಸ್ಸಲ್ಲಿ ಒಬ್ಳೇ ಇದ್ರೆ ನಾನ್ ಹೀಂಗ್ ಕೂಕಂತೆ. ನಾಕ್ ಜನ ಹತ್ತಿರೆ ಕಾಲ್ ಮಡ್ಚ್ಕ್, ಚೀಲ ಎತ್ತಿ ಮಡಿಲಿಗ್ ಹಾಯ್ಕಣ್ಕ್. ಕಡಿ ಸೀಟಿನವ್ರಿಗೆ ಒಂದ್ ಬದಿ ಜಾಗ ಇತ್ತಲೆ, ಅವ್ರ್ ಮತ್ತೆ ಕಾಲ್ ಚಾಚ್ತ್ರ್. ಜನ ಬದ್ಲ್ ಆಯ್ತಾ?”

ಪ್ರಣತಿ ಇಲ್ಲವೆಂದು ತಲೆಯಾಡಿಸಿದಳು.

“ಹಾಂಗಾರೆ ಹೆದ್ರುದ್ ಎಂತಕ್ಕೆ? ಮುಖ ಕಾಣ್. ಚುಕ್ಕಿ ಎಲ್ಲಿತ್ತ್ ಕಾಣ್. ಕಾಲ್ ಕಾಣ್ಬೇಡ.”

ಅವಳು ಅಂದೇ ಒಂದು ಪದ ಓದಿದಳು ಎಂದು ಬರೆಯಲು ಕೈ ತವಕಿಸುತ್ತದೆ. ಬಹುಶಃ ಅಂದಲ್ಲ, ವಾರವಾದರೂ ಬೇಕಾಯಿತು. ಆದರೆ ಮರಳಿ ಬರುವಾಗ ಸ್ಕೂಟರಿನ ಹಿಂದೆ ಕುಳಿತು, ಅಂಗಡಿಗಳ ಕನ್ನಡ ಬೋರ್ಡುಗಳನ್ನು ನೋಡುತ್ತ, “ಅತ್ತೆ, ಇವರೆಲ್ಲ ಸಪರೇಟ್ ಸೀಟಲ್ಲಿ ಕೂತಿದ್ದಾರೆ” ಎಂದಳು. ಅದೊಂದು ಮಾತ್ರ ಡೈರಿಯಲ್ಲಿದೆ.

ಓದಲು ಸ್ವಲ್ಪ ಹಿಡಿತ ಸಿಕ್ಕಮೇಲೆ ಕಷ್ಟ ಬೇರೆಯಾಯಿತು. ಅವಳ ಶಾಲೆಯ ಪುಸ್ತಕದಲ್ಲಿ ಎಲ್ಲ ಪುಟಕ್ಕೂ ಚಿತ್ರ. ಕಣ್ಣು ಅಭ್ಯಾಸದಂತೆ ಚಿತ್ರಕ್ಕೆ ಓಡುತ್ತಿತ್ತು. ಚಿತ್ರವಿಲ್ಲದ ಅರಬಿ ಬೇಕಿತ್ತು. ಆಪಾ ಕುರಾನನ್ನು ಅವಳ ಮುಂದಿಡಲಿಲ್ಲ. ಅದು ಓದು ಕಲಿಯಲಿಕ್ಕಿರುವ ಪುಸ್ತಕ ಅಲ್ಲ, ಅಲ್ಲದೆ ನಿಮ್ಮ ಮನೆಯವರು ಅದಕ್ಕೆಂದು ಕಳಿಸಿದ್ದಲ್ಲ ಎಂದು ನನಗೆ ಮೊದಲ ವಾರವೇ ಹೇಳಿದ್ದರು. ಸ್ವಲ್ಪ ಯೋಚಿಸಿ ಒಳಗೆ ಹೋಗಿ ಕಪಾಟಿನ ಮೇಲಿನಿಂದ ದೊಡ್ಡ ತಗಡಿನ ಡಬ್ಬಿ ಇಳಿಸಿ ತಂದರು. ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಅತ್ತರಿನ ವಾಸನೆ.

ಒಳಗೆ ಕಾಗದಗಳು, ಒಂದರ ಮೇಲೊಂದು, ಇಸ್ತ್ರಿ ಹಾಕಿದ ಹಾಗೆ ನಯವಾಗಿ ಮಡಚಿ ಇಟ್ಟವು. ಆಪಾರ ಗಂಡ ದಮ್ಮಾಮಿನಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸದಲ್ಲಿದ್ದರಂತೆ, ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರು ಊರಿಗೆ ಬಂದಾಗಲೆಲ್ಲ ತಂದ ಸಾಮಾನಿನ ಮೇಲಿನ ಕಾಗದ, ಅಕ್ಕಪಕ್ಕದ ಮನೆಗಳಿಗೆ ಗಲ್ಫಿನಿಂದ ಬಂದದ್ದರ ಕಾಗದ, ಎಲ್ಲವೂ ಅಲ್ಲಿದ್ದವು. ಅರಬಿ ಅಕ್ಷರ ಇರುವ ಕಾಗದ ಕಾಲಡಿಗೆ ಬೀಳಬಾರದು, ಕಸಕ್ಕೆ ಹೋಗಬಾರದು. ಅದರಲ್ಲಿ ದೇವರ ಹೆಸರಿರಬಹುದು, ಪವಿತ್ರ ಮಾತಿರಬಹುದು. ಆಪಾರಿಗೆ ಅವೆಲ್ಲವನ್ನೂ ಓದಲು ಬರುತ್ತಿತ್ತು, ಯಾವುದರಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಹಾಗಾಗಿ ಒಂದನ್ನೂ ಎಸೆದಿರಲಿಲ್ಲ.

ಪ್ರಣತಿ ಮೊದಲ ಕಾಗದ ಬಿಡಿಸಿದಳು. ಬೆರಳಿಟ್ಟು, ತಡವರಿಸಿ, ಬಸ್ಸಿನ ಸೀಟು ಎಣಿಸಿದ ಹಾಗೆ ಎಣಿಸಿ ಓದಿದಳು. ಆಮೇಲೆ ಅವಳ ಮುಖ ಬದಲಾಯಿತು. “ಆಪಾ, ಇದು ಸಾಬೂನು,” ಎಂದಳು.

“ಎಂತ ಸಾಬೂನ್?”

“ಬಟ್ಟೆ ಒಗೆಯುವ ಸಾಬೂನು.”

ಶಿಫಾ ಮೊದಲು ನಕ್ಕಳು. ಎರಡನೆಯ ಕಾಗದ ಹಾಲಿನ ಪುಡಿ. ಮೂರನೆಯದು ತಣ್ಣಗಿನ ಜಾಗದಲ್ಲಿಡಿ ಎಂದು ಹೇಳುತ್ತಿತ್ತು. ಒಂದರಲ್ಲಿ ಕೋಳಿ ಇತ್ತು, ಒಂದರಲ್ಲಿ ಸೊಳ್ಳೆಗೆ ಹೊಡೆಯುವ ಔಷಧ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಾನು ಆಪಾರ ಮುಖ ನೋಡಲು ಹೆದರಿದೆ. ಮೂವತ್ತು ವರ್ಷ ತಲೆಗಿಂತ ಎತ್ತರದಲ್ಲಿ, ಅತ್ತರು ಹಚ್ಚಿ ಇಟ್ಟದ್ದು ಸೊಳ್ಳೆಯ ಔಷಧ.

ಆಪಾ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಹಲ್ಲಿಲ್ಲದ ಜಾಗವನ್ನು ದುಪಟ್ಟಾದಿಂದ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. “ನಮ್ಮ ಮನಿಯವ್ರ್ ಕೇಂಡಿದ್ರ್, ಈ ಡಬ್ಬಿಲಿ ಎಂತ ಚಿನ್ನ ಇಟ್ಟಿದೆ ಅಂದೇಳಿ. ಕೋಳಿ ಇಟ್ಟಿದೆ ಅಂತ ಈಗ ಗೊತ್ತಾಯ್ತ್ ಕಾಣಿ,” ಎಂದು ನನಗೆ ಹೇಳಿದರು. ನಗು ನಿಂತಮೇಲೆ ಪ್ರಣತಿ, ಇನ್ನು ಇವನ್ನು ಎಸೆಯಬಹುದಲ್ಲ ಎಂದು ಕೇಳಿದಳು. ಆಪಾ ಕಾಗದಗಳನ್ನು ಮತ್ತೆ ಒಂದೊಂದೇ ಮಡಚತೊಡಗಿದ್ದರು. “ಎಸುದ್ ಎಂತಕ್ಕೆ? ಅಕ್ಷರ ಅದೇ ಅಲ್ದಾ? ದೇವ್ರ್ ಹೆಸ್ರ್ ಬರುಕೂ ಅದೇ ಅಕ್ಷರ ಬೇಕ್, ಸಾಬೂನ್ ಬರುಕೂ ಅದೇ ಬೇಕ್.”

ಆ ಡಬ್ಬಿಯ ಕಾಗದಗಳೇ ಮುಂದಿನ ಮೂರು ವಾರ ಪ್ರಣತಿಯ ಪಠ್ಯವಾದವು. ಚಿತ್ರವಿಲ್ಲದ ಭಾಗವನ್ನು ಆಪಾ ಮಡಚಿ ತೋರಿಸುವರು, ಅವಳು ಓದಿ ಅದೇನೆಂದು ಹೇಳಬೇಕು. ಅರ್ಥ ಗೊತ್ತಾದ ಪದ ಆಪಾ ಇನ್ನೊಮ್ಮೆ ಗಟ್ಟಿಯಾಗಿ ಓದಿಕೊಳ್ಳುವರು, ಹೊಸ ಬಳೆ ಹಾಕಿದ ಕೈಯನ್ನು ತಿರುಗಿಸಿ ನೋಡಿಕೊಳ್ಳುವವರ ಹಾಗೆ.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ನಡೆದದ್ದನ್ನು ನಾನು ಹೇಗೆ ಬರೆದರೂ ಕಡಿಮೆಯೇ. ಪಾಠ ಕೀಟಗಳದ್ದು. ಮೂರು ಚಿತ್ರ, ಕೆಳಗೆ ಮೂರು ಹೆಸರು. ಪ್ರಣತಿ ಚಿತ್ರಗಳನ್ನು ಅಂಗೈಯಿಂದ ಮುಚ್ಚಿ ತಾನೇ ಓದಿದಳು. ನಹ್ಲ. ನಮ್ಲ. ಅಂಕಬೂತ್. ಒಂದೂ ತಪ್ಪಲಿಲ್ಲ. ಶಿಫಾ ಚಪ್ಪಾಳೆ ತಟ್ಟಿದಳು. ಆಪಾ ತಲೆದೂಗಿ, ಇವೆಲ್ಲ ನಮಗೆ ಗೊತ್ತಿರುವ ಹೆಸರುಗಳೇ, ಕುರಾನಿನ ಅಧ್ಯಾಯಗಳ ಹೆಸರು ಎಂದರು. ಏಳನೇ ವಯಸ್ಸಿನಿಂದ ಅವನ್ನು ಓದುತ್ತಿದ್ದರು. ಆಮೇಲೆ ಪ್ರಣತಿ ಕೈ ತೆಗೆದಳು.

ಜೇನು. ಇರುವೆ. ಜೇಡ.

ಆಪಾ ಪುಟದ ಮೇಲೆ ಬಾಗಿದರು. ಕನ್ನಡಕ ಮೇಲೆತ್ತಿ ನೋಡಿದರು, ಇಳಿಸಿ ನೋಡಿದರು. ಬೆರಳನ್ನು ಹೆಸರಿನಿಂದ ಚಿತ್ರಕ್ಕೆ, ಚಿತ್ರದಿಂದ ಹೆಸರಿಗೆ ಎರಡು ಮೂರು ಸಲ ಒಯ್ದರು. ಇರುವೆಯೊಂದು ತನ್ನವರಿಗೆ, ರಾಜನ ಸೈನ್ಯ ಬರುತ್ತಿದೆ, ಗೂಡಿನೊಳಗೆ ಹೋಗಿ ಎಂದು ಕೂಗಿ ಹೇಳಿದ ಕಥೆಯನ್ನು ಅವರು ಉರ್ದುವಿನಲ್ಲಿ ಎಷ್ಟೋ ಸಲ ಕೇಳಿದ್ದರು, ಮಕ್ಕಳಿಗೂ ಹೇಳಿದ್ದರು. ಕಥೆ ಕಿವಿಯಲ್ಲಿತ್ತು. ಪದ ನಾಲಿಗೆಯ ಮೇಲಿತ್ತು. ಎರಡೂ ಒಂದೇ ಎಂದು ಯಾರೂ ಅವರಿಗೆ ತೋರಿಸಿರಲಿಲ್ಲ.

“ಇದ್ ಇರುವೆಯಾ?” ಎಂದು ಕೇಳಿದರು. ಬಹಳ ಮೆಲ್ಲಗೆ. “ನಾನ್ ಓದುದ್... ಈ ಇರುವೆಯಾ?”

ಪ್ರಣತಿ ಹೌದೆಂದಳು. ಏನೋ ತಪ್ಪಾಯಿತೆಂದು ಅವಳಿಗೆ ಅನ್ನಿಸಿರಬೇಕು, ನನ್ನ ಕಡೆ ನೋಡಿದಳು. ಆಪಾ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಬಂತು, ಓದುತ್ತಿದ್ದರು. ಆ ಓದನ್ನು ನಾನು ಒಂದೂವರೆ ತಿಂಗಳಿನಿಂದ ಕೇಳುತ್ತಿದ್ದೆ. ನಿಲ್ಲದೆ ಹರಿಯುವ ಓದು ಅದು. ಅಂದು ಹರಿಯಲಿಲ್ಲ. ಒಂದು ಪದದ ಹತ್ತಿರ ಬಂದು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಗೇ ಬಂದು ನಿಂತಿತು. ನನಗೆ ಆ ಭಾಷೆ ಗೊತ್ತಿಲ್ಲ, ಆ ಧರ್ಮ ನನ್ನದಲ್ಲ. ಆದರೂ ಅಲ್ಲಿ ಜಗಲಿಯ ಮೇಲೆ ಕುಳಿತು ನನಗೆ ರೋಮಾಂಚನವಾಯಿತು. ಐವತ್ತು ವರ್ಷ ಒಂದು ಬಾಗಿಲನ್ನು ದಿನವೂ ಒರೆಸಿ ಹೊಳಪಿಟ್ಟವರಿಗೆ ಅದು ಒಳಕ್ಕೆ ತೆರೆಯುತ್ತದೆ ಎಂದು ಗೊತ್ತಾದ ಹೊತ್ತಿಗೆ ನಾನು ಹತ್ತಿರದಲ್ಲಿದ್ದೆ. ನನ್ನ ಓದಿನಲ್ಲಿ ಅಂಥದೊಂದು ದಿನ ಬಂದಿಲ್ಲ.

ಹೊರಗೆ ಬಂದಾಗ ಮುಖ ತೊಳೆದಿದ್ದರು. ಪೀಠವನ್ನು ಪ್ರಣತಿಯ ಕಡೆ ತಿರುಗಿಸಿ, ಮುಂದಿನ ಪಾಠ ತೆಗೆಯಲು ಹೇಳಿದರು. ಹದಿನೈದು ದಿನ ಉಳಿದಿತ್ತು.

ಹೊರಡುವ ಹಿಂದಿನ ದಿನ ನಾವು ಹೇಳಿಹೋಗಲು ಬಂದೆವು. ಆಪಾ ಅವಳಿಂದ ಚಿತ್ರವಿಲ್ಲದ ಒಂದು ಪುಟ ಓದಿಸಿದರು. ತಾವು ಅಡುಗೆಮನೆಗೆ ಹೋಗಿ ಅಲ್ಲಿಂದ ಕೇಳಿದರು. ಪುಟ ಮುಗಿಯುವವರೆಗೂ ಒಳಗಿನಿಂದ ಒಂದು ಮಾತೂ ಬರಲಿಲ್ಲ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಶಿಫಾ ಪ್ರಣತಿಯನ್ನು ಹೊಟ್ಟೆಕಿಚ್ಚಿನಿಂದ ನೋಡಿದಳು. ಆಪಾ ನನಗೆ ಒಂದೇ ಮಾತು ಹೇಳಿದರು: “ಪರೀಕ್ಷೆ ಆದ್ ಕೂಡ್ಲೇ ಹೇಳಿ, ಹ್ವಾಯ್. ಪಾಸೋ ಫೇಲೋ, ನಂಗ್ ಗೊತ್ತಾಯ್ಕ್. ನಾನೂ ಓದಿದ್ನಲೆ.”

ಪ್ರಣತಿ ಪಾಸಾದಳು. ಬರವಣಿಗೆಯಲ್ಲಿ ಅಷ್ಟಕ್ಕಷ್ಟೆ. ಓದಿಸಿದಾಗ ಮಾತ್ರ ಅಲ್ಲಿಯ ಅರಬಿ ಟೀಚರು ಪುಸ್ತಕ ಕೆಳಗಿಟ್ಟು, ನಿನಗೆ ಇದನ್ನು ಕಲಿಸಿದವರು ಯಾರು ಎಂದು ಕೇಳಿದರಂತೆ. ಅಣ್ಣ ಇದನ್ನು ಅಮ್ಮನಿಗೆ ಫೋನು ಮಾಡಿ ಹೇಳಿದ. ಇಲ್ಲಿಯ ಶಾಲೆಗೆ ಸೇರಿಸುವ ಮಾತು ಮತ್ತೆ ಬರಲಿಲ್ಲ. ಸೂಟ್‌ಕೇಸು ಖಾಲಿಯಾಗಿ ಮಂಚದ ಕೆಳಗೆ ಹೋದ ಚಿತ್ರವನ್ನು ಅತ್ತಿಗೆ ಕಳಿಸಿದಳು.

ಸುದ್ದಿ ತಿಳಿಸಲು ನಾನು ಕೋಡಿಗೆ ಹೋದೆ. ಇದು ನನಗೆ ಚೆನ್ನಾಗಿ ನೆನಪಿದೆ. ಮಳೆ ನಿಂತಿತ್ತು, ಜಗಲಿಯಲ್ಲಿ ಮಕ್ಕಳಿರಲಿಲ್ಲ. ಆಪಾ ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸುತ್ತ, ‘ಹ’ ಗಂಟಲಿಂದ ಬಂತಂತಾ ಎಂದು ಕೇಳಿದರು. ನಾನು ಬಂತಂತೆ ಎಂದೆ. ಅವರು ಕೈಯನ್ನು ನನ್ನ ತಲೆಯ ಮೇಲಿಟ್ಟರು.

ಮುಂದೆ ನನಗೆ ಮಂಗಳೂರಿನ ಕಾಲೇಜಿನಲ್ಲಿ ಕೆಲಸವಾಯಿತು. ಊರಿಗೆ ಬರುವುದು ತಿಂಗಳಿಗೊಮ್ಮೆ, ಬಂದರೂ ಕೋಡಿಯ ಕಡೆ ಹೋಗಲು ಆಗುತ್ತಿರಲಿಲ್ಲ, ಅಥವಾ ಹೋಗಲಿಲ್ಲ. ಮಂಡಿನೋವು ಹೆಚ್ಚಾಗಿ ಆಪಾ ಬೈಂದೂರಿನಲ್ಲಿ ಮಗಳು ನಸೀಮಾರ ಮನೆಗೆ ಹೋದರೆಂದು, ಮಕ್ಕಳ ಓದು ನಿಂತಿತೆಂದು ಅಪ್ಪಯ್ಯ ಹೇಳಿ ಗೊತ್ತಾಯಿತು. ಅವರು ತೀರಿಕೊಂಡ ಸುದ್ದಿಯೂ ಅಪ್ಪಯ್ಯನ ಫೋನಿನಲ್ಲೇ ಬಂತು, ಮಣ್ಣಾಗಿ ಎರಡು ದಿನವಾದ ಮೇಲೆ.

ಕಳೆದ ತಿಂಗಳು ಬೈಂದೂರಿಗೆ ಹೋಗಿ ನಸೀಮಾರನ್ನು ಕಂಡೆ. ನನ್ನ ಗುರುತು ಹೇಳಿದ ಕೂಡಲೇ ಅವರು, “ಓ, ಶಾರ್ಜಾ ಹೆಣ್ಣಿನ ಮನಿಯವ್ರಾ?” ಎಂದರು. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟು ನೇರವಾಗಿ ಕೇಳಿದರು: “ಅವ್ಳ್ ಪಾಸಾಯ್ಳಾ? ಅಮ್ಮಿ ಕಡಿವರಿಗೂ ಕೇಂತಾ ಇದ್ರ್. ಆ ಹೆಣ್ಣ್ ಎಂತ ಆಯ್ತ್, ಯಾರೂ ಹೇಳ್ಲಿಲ್ಲೆ ಅಂದೇಳಿ.”

ನಾನು ಹೇಳಿದ್ದೆನಲ್ಲ ಎಂದೆ. ನನ್ನ ದನಿಯೇ ನನಗೆ ಸುಳ್ಳಾಗಿ ಕೇಳಿತು. ನಸೀಮಾ ನನ್ನನ್ನು ಸಮಾಧಾನ ಮಾಡಿದರು. ಕೊನೆಕೊನೆಗೆ ಅಮ್ಮಿಗೆ ಮರೆವು, ಉಂಡು ಎದ್ದು ಊಟ ಆಯಿತಾ ಎಂದು ಕೇಳುತ್ತಿದ್ದರು, ಹೇಳಿದ್ದರೂ ಮರೆತಿರಬಹುದು ಎಂದರು. ಓದು ಮರೆತಿದ್ದರಾ ಎಂದು ಕೇಳಿದೆ. “ಇಲ್ಲೆ. ಅದ್ ಒಂದಕ್ಷರ ತಪ್ಲಿಲ್ಲೆ. ಅರ್ಥವೂ ಹೇಳ್ತಿದ್ರ್, ನಮ್ಗೆಲ್ಲ ಹಿಡ್ದ್ ಹಿಡ್ದ್.”

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ಪ್ರಣತಿಯ ಫಲಿತಾಂಶ ಬಂದ ವಾರ ನಾನು ಮಂಗಳೂರಿನಲ್ಲಿದ್ದೆ, ಸಂದರ್ಶನಕ್ಕೆ. ಅಲ್ಲಿಂದ ಹೊರಟು ಊರಿಗೆ ಬಂದದ್ದಕ್ಕೆ ಗುರುತಿಲ್ಲ. ಮುಂದಿನ ವಾರವೂ ಅಲ್ಲಿಯೇ, ರೂಮು ಹುಡುಕುತ್ತ. ಅದರ ಮುಂದಿನ ಎರಡು ವಾರ ಪುಟಗಳು ಖಾಲಿ. ಕೋಡಿ ಎಂಬ ಪದ ಆ ವರ್ಷದಲ್ಲಿ ಮತ್ತೆ ಎಲ್ಲಿಯೂ ಇಲ್ಲ. ಖಾಲಿ ಪುಟದ ಯಾವುದೋ ಒಂದು ದಿನ ನಾನು ಹೋಗಿರಬಹುದು. ಅಥವಾ ಹೋಗಬೇಕೆಂದು ಎಷ್ಟು ಸಲ ಅಂದುಕೊಂಡೆನೆಂದರೆ, ಕನ್ನಡಕ ಒರೆಸಿದ್ದು, ತಲೆಯ ಮೇಲಿನ ಕೈ, ಎಲ್ಲವನ್ನೂ ಮನಸ್ಸೇ ನೇಯ್ದುಕೊಂಡಿರಬಹುದು. ಆ ಕೈಯ ತೂಕ ನನಗೆ ಈಗಲೂ ಗೊತ್ತಾಗುತ್ತದೆ. ಅದು ಯಾವುದಕ್ಕೂ ಸಾಕ್ಷಿಯಲ್ಲ.

ಆಪಾರ ಫೋನ್ ನಂಬರು ನಮ್ಮಲ್ಲಿ ಅಣ್ಣನಿಗೂ ಗೊತ್ತಿತ್ತು. ರಜೆಯಲ್ಲಿ ಒಂದೆರಡು ಸಲ ಮಾತಾಡಿದ್ದ. ಅವತ್ತೇ ಅವನಿಗೆ ಮೆಸೇಜ್ ಹಾಕಿದೆ. ಅವನು ಅದನ್ನು ನೋಡಿ ಇಂದಿಗೆ ಇಪ್ಪತ್ತಾರು ದಿನ. ಅದಾದಮೇಲೆ ಪ್ರಣತಿಯ ಹುಟ್ಟುಹಬ್ಬದ ಫೋಟೋ ಕಳಿಸಿದ್ದಾನೆ, ಅಪ್ಪಯ್ಯನ ಬಿ.ಪಿ. ಎಷ್ಟಿದೆ ಎಂದು ವಿಚಾರಿಸಿದ್ದಾನೆ. ಇದಕ್ಕೆ ಮಾತ್ರ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ: ಅಣ್ಣ, ಪ್ರಣತಿ ಪಾಸಾದಳೆಂದು ಹಮೀದಾ ಆಪಾರಿಗೆ ನೀನಾದರೂ ಹೇಳಿದ್ದೆಯಾ?